ಕಂಡ ಮೇಲೆ ಏನು?

ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕು ಅರೆಜೀವವಾಗಿ ಬಿದ್ದವನನ್ನು ಮೂವರು ನೋಡಿದರು. ಯೇಸು ಹೇಳಿದ ಈ ಸಾಮತಿಯಲ್ಲಿ ಯಾಜಕನಿಗಾಗಲಿ ಲೇವಿಯನಿಗಾಗಲಿ ವಿಷಯ ತಿಳಿದಿರಲಿಲ್ಲ ಎನ್ನುವಂತಿಲ್ಲ. ಕಂಡೇ ಆಚೆ ಬದಿಗೆ ಸರಿದು ಹೋದರು. ಸಮಾರ್ಯದವನ ಮರುಕ ಮಾತ್ರ ಕೈಗಿಳಿಯಿತು. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ; ಸವಾರಿಗೆ ತನ್ನದೇ ಪ್ರಾಣಿ; ಛತ್ರದವನಿಗೆ ಎರಡು ನಾಣ್ಯ, ಹೆಚ್ಚು ಖರ್ಚಾದರೆ ಮರಳಿ ಬಂದು ತೀರಿಸುವ ಮಾತು. ಆ ಕೊನೆಯ ಮಾತೇ ನನಗೆ ಬಹಳ ಮುಖ್ಯವೆನಿಸುತ್ತದೆ. ಅವನ ಕರುಣೆ ನಾಳೆಯ ಖರ್ಚನ್ನೂ ಯೋಚಿಸಿತ್ತು.

ಮಂಗಳೂರಿನ ಕಂಕನಾಡಿಯಲ್ಲಿ ಇಂಥ ಕರುಣೆಗೆ ಸಾಕ್ಷಿಯಿದೆ. ಜರ್ಮನಿಯ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡತೊಡಗಿದರು; 1890ರಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ ತೆರೆದರು. ಆ ಔಷಧದ ಗುಣದ ಬಗ್ಗೆ ಇಂದು ವಾದವಿದೆ, ಇರಲಿ. ಊರು ಹೊರಗಿಟ್ಟವರಿಗೆ ನೆಲೆ ಕೊಟ್ಟದ್ದರಲ್ಲಿ ವಾದವಿಲ್ಲ. ಇದೆಲ್ಲ ಸರ್ಕಾರದ ಕೆಲಸ ಎನ್ನುವವರಿದ್ದಾರೆ. ಹೌದು, ಆದರೆ ವಾರ್ಡಿನ ಮಂಚದಲ್ಲಿ ಒಂಟಿಯಾಗಿ ಮಲಗಿದವರ ಪಕ್ಕ ರಾತ್ರಿ ಕೂರಲು ಯಾವ ಆದೇಶವೂ ಜನರನ್ನು ಕಳಿಸುವುದಿಲ್ಲ. ಸೇವೆಯ ಹಿಂದೆ ಮತಾಂತರದ ಉದ್ದೇಶವಿದೆ ಎಂಬ ಆಕ್ಷೇಪವನ್ನೂ ತಳ್ಳಿಹಾಕಬಾರದು. ಸಮಾರ್ಯದವನು ಗಾಯಾಳುವಿನ ನಂಬಿಕೆ ಕೇಳಲಿಲ್ಲ, ಪ್ರತಿಫಲ ಬೇಡಲಿಲ್ಲ. ಕ್ರೈಸ್ತರ ಸೇವೆಗೆ ಅದೇ ಅಳತೆ. ಅದಕ್ಕೆ ತಪ್ಪಿದರೆ ಟೀಕೆ ನ್ಯಾಯವೇ. ಈ ಭಾನುವಾರ ಪ್ರಾರ್ಥನೆಯಲ್ಲಿ ಯಾರ ಹೆಸರು ಹೇಳುತ್ತೀರೋ, ಸೋಮವಾರ ಅವರ ಮನೆಗೆ ಹೋಗಿ ಬನ್ನಿ.