ಮಿಷನ್ ಆಸ್ಪತ್ರೆಯ ಹೆರಿಗೆ ರಿಜಿಸ್ಟರು



ಬೊಜ್ಜಿನ ಜಾಗತಿಕ ಚರಿತ್ರೆಯನ್ನು ಚುಟುಕಾಗಿ ಮುಗಿಸಿಬಿಡುತ್ತೇನೆ. 2022ರ ಹೊತ್ತಿಗೆ ಲೋಕದಲ್ಲಿ ನೂರು ಕೋಟಿ ಮೀರಿದ ಜನರಿಗೆ ಬೊಜ್ಜು. ಕರ್ನಾಟಕದಲ್ಲಿ 2015-16ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನೂರಕ್ಕೆ 23 ಹೆಣ್ಣುಮಕ್ಕಳ ತೂಕ ಹೆಚ್ಚಿತ್ತು, 2019-21ರಲ್ಲಿ 30. ಗಂಡಸರೂ ಹಿಂದೆ ಬಿದ್ದಿಲ್ಲ. ಅದೇ 2019-21ರ ಸಮೀಕ್ಷೆಯಲ್ಲಿ ನೂರಕ್ಕೆ 17 ಹೆಣ್ಣುಮಕ್ಕಳು ಸಣಕಲು. ಇದನ್ನೂ ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಈ ಬೊಜ್ಜಿನ ಬಗ್ಗೆ ನಮ್ಮೂರ ಕಟ್ಟೆಯ ತೀರ್ಪು ನಿಮಗೆಲ್ಲ ಗೊತ್ತು: ಜನ ರೊಟ್ಟಿ ಬಿಟ್ಟು ಅನ್ನಕ್ಕೆ ಬಿದ್ದರು, ಹೊಟ್ಟಿ ಬಂತು. ನನ್ನ ತಕರಾರು ಇಲ್ಲಿಂದಲೇ ಶುರು. ಜೋಳದಲ್ಲಿ ನಾರು ಹೆಚ್ಚು, ನಿಜ. ಆದರೆ ಅದರಲ್ಲೂ ನೂರಕ್ಕೆ ಎಪ್ಪತ್ತರ ಆಸುಪಾಸು ಪಿಷ್ಟವೇ. ಮಿರ್ಚಿ-ಗಿರಮಿಟ್ಟು ತಿನ್ನುತ್ತ ಅನ್ನಕ್ಕೆ ಬೈಯುವವರ ಜೊತೆ ವಾದ ಬೇಡ.

ನನಗೆ ಪಂಪನನ್ನು ಕಲಿಸಿದ ಮಾಸ್ತರನ್ನೇ ನೋಡಿ. ಎರಡು ರೊಟ್ಟಿ, ಒಂದಿಷ್ಟು ಪುಂಡಿಪಲ್ಯ, ಮುಗೀತು ಅವರ ಊಟ. ಸಣಕಲು ಮೈ. ದಪ್ಪ ಹುಡುಗರಿಗೆ ‘ಬಕಾಸುರ’ ಎಂದು ಹೆಸರಿಟ್ಟವರೇ ಅವರು. ಐವತ್ತು ದಾಟುವ ಮೊದಲೇ ಅವರಿಗೆ ಶುಗರ್ ಬಂತು, ಹಿಂದೆಯೇ ಹಾರ್ಟ್ ಅಟ್ಯಾಕ್. ನೋಡಲು ಹೋದಾಗ, “ನಾ ಅಂಥಾದ್ದೇನ್ ತಿಂದಿದ್ನೋ ತಮ್ಮಾ?” ಅಂದರು. ನನ್ನ ಬಳಿ ಉತ್ತರವಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಉತ್ತರದ ತುಣುಕೊಂದು ಮೈಸೂರಿನಲ್ಲಿ ಸಿಕ್ಕಿತು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ ಜನ ಮಿಷನ್ ಆಸ್ಪತ್ರೆ ಅನ್ನುತ್ತಾರೆ. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಹೆರಿಗೆ ವಾರ್ಡಿನವರು ಬರೆದಿಟ್ಟಿದ್ದರು. ಅಂಥ ಕೆಲಸಕ್ಕೆ ಯಾರೂ ಶಾಲು ಹೊದಿಸುವುದಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರು ಅಲ್ಲಿನ ವೈದ್ಯರ ಜೊತೆ ಸೇರಿ ಆ ರಿಜಿಸ್ಟರು ಹಿಡಿದು, 1934ರಿಂದ 1954ರೊಳಗೆ ಹುಟ್ಟಿದ 517 ಜನರನ್ನು ಹುಡುಕಿ ತಪಾಸಣೆ ಮಾಡಿದರು. ಫಲಿತಾಂಶ 1996ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ, 3.1 ಕಿಲೋ ಮುಟ್ಟಿದವರಲ್ಲಿ 3 ಮಂದಿಗೆ. ಗರ್ಭದಲ್ಲಿ ಸೊರಗಿದ್ದರ ಲೆಕ್ಕ ನಡುವಯಸ್ಸಿನಲ್ಲಿ ಚುಕ್ತಾ ಆಗುತ್ತಿತ್ತು.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಇನ್ನೊಂದು ತುದಿ ಹಿಡಿದರು. ಪುಣೆ ಸುತ್ತಲ ಹಳ್ಳಿಗಳ ಕೂಸು ಸರಾಸರಿ 2.7 ಕಿಲೋ, ಸೌತಾಂಪ್ಟನ್‌ನದು 3.5. ನಮ್ಮ ಕೂಸಿನ ಮಾಂಸಖಂಡ ಕಡಿಮೆ, ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಲ್ಲ. 2004ರಲ್ಲಿ ಅವರು ತಮ್ಮದೂ ಇಂಗ್ಲೆಂಡಿನ ಗೆಳೆಯ ಡಾ. ಜಾನ್ ಯಡ್ಕಿನ್ ಅವರದೂ ಫೋಟೋವನ್ನು ಒಟ್ಟಿಗೆ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಮೈಯ ಕೊಬ್ಬು ಇಂಗ್ಲೆಂಡಿನವರದು ನೂರಕ್ಕೆ 9.1, ನಮ್ಮವರದು 21.2! ಅದಕ್ಕೇ ಹೇಳುತ್ತೇನೆ, ತೂಕದ ಮಷೀನನ್ನೊಂದೇ ನಂಬಬೇಡಿ, ದರ್ಜಿಯ ಟೇಪು ತನ್ನಿ. ಗಂಡಸರ ಸೊಂಟ 90 ಸೆಂಟಿಮೀಟರು, ಹೆಂಗಸರದು 80 ದಾಟಿದರೆ ಎಚ್ಚರಾಗಬೇಕು. ಮಾಸ್ತರ ಸೊಂಟ ಆಗ ಯಾರೂ ಅಳೆದಿರಲಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ನನಗೂ ನೆಮ್ಮದಿ ಇತ್ತು. ಆದರೆ ಅದೇ ಮೈಸೂರಿನ ರಿಜಿಸ್ಟರಿನಿಂದ 1998ರಲ್ಲಿ ಬಂದ ಇನ್ನೊಂದು ಲೇಖನ ಬೇರೆಯದೇ ಹೇಳುತ್ತದೆ: ಶುಗರ್ ಹೆಚ್ಚಾಗಿ ಕಂಡದ್ದು ಉದ್ದ ಕಡಿಮೆಯಿದ್ದು ಗುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ.

ಹಾಗಾದರೆ ಮುಂದೇನು? ನಮ್ಮ ಓಣಿಯಲ್ಲಿ ಸಮೀಕ್ಷೆಯ ಆ ಹದಿನೇಳು ಸಣಕಲರಲ್ಲಿ ಒಬ್ಬಳೂ ತೂಕ ಹೆಚ್ಚಿದ ಆ ಮೂವತ್ತರಲ್ಲಿ ಒಬ್ಬಳೂ ಅಕ್ಕಪಕ್ಕದ ಮನೆಯವರು. ಇಬ್ಬರಿಗೂ ಸೀಮಂತದ ಕುಬಸ, ಇಬ್ಬರ ಉಡಿಯಲ್ಲೂ ಅವೇ ಉಂಡಿ, ಅವೇ ಹೋಳಿಗಿ. ಕೂಸು ದೊಡ್ಡದಾದರೆ ಹಡಿಯೋದು ಕಷ್ಟ ಎಂದು ತುತ್ತು ಕಡಿಮೆ ಮಾಡಿಸುವ ಅತ್ತೆ ಒಂದು ಮನೆಯಲ್ಲಿ, ಇಬ್ಬರ ಪಾಲು ಉಣ್ಣು ಅನ್ನುವ ತಾಯಿ ಇನ್ನೊಂದರಲ್ಲಿ. ಯಾರನ್ನು ತಡೆಯಲಿ? ಮೈತುಂಬಿದ ಸೊಸೆ, ತನ್ನ ತಾಯಿಯ ಹಸಿವಿನಲ್ಲಿ ಹುಟ್ಟಿದವಳೇ ಆಗಿದ್ದರೆ, ಸಾಕು ಅನ್ನುವುದು ಯಾವ ಬಾಯಿಂದ? ನಿಮ್ಮಲ್ಲಿ ಹೆರಿಗೆ ಮಾಡಿಸಿದ ನರ್ಸಮ್ಮಂದಿರಿದ್ದಾರೆ. ನೀವು ಏನು ಹೇಳುತ್ತ ಬಂದಿದ್ದೀರಿ?