ಕಾರ್ಡು ನಮ್ಮದು, ಕೌಂಟರಿಗೆ ಹೋಗಬೇಕಾದವರೂ ನಾವೇ

(ನಮ್ಮ ಯುವಕ ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘದ ಹುಡುಗರು ಮನಿಗೆ ಬಂದು, "ಅಣ್ಣಾ, ಈ ಸಲ ನೀವ ಮಾತಾಡಬೇಕ್ರಿ" ಅಂದರು. "ನಾನು ಲೈಬ್ರರಿಯೊಳಗ ಪುಸ್ತಕ ಎತ್ತಿಕೊಡೋ ಸಿಪಾಯಿ, ನಾ ಏನ್ ಮಾತಾಡ್ಲೋ?" ಅಂದೆ. "ಅದನ್ನ ಮಾತಾಡ್ರಿ" ಅಂದರು. ಹಂಗಾಗಿ ಇವತ್ತು ದೊಡ್ಡ ದೊಡ್ಡ ವಿಷಯ ಹೇಳೋದಿಲ್ಲ. ಕಾಲೇಜಿನ ಗ್ರಂಥಾಲಯದಿಂದ ಪುಸ್ತಕ ಕಡ ತರೋದು ಹೆಂಗ, ತಿರುಗಿ ಕೊಡೋದು ಹೆಂಗ, ಅಲ್ಲಿ ನಮಗ ಸಿಗಬೇಕಾದದ್ದು ಏನು, ಅಷ್ಟೇ ಹೇಳುತ್ತೇನೆ. ಇದು ಸಣ್ಣ ವಿಷಯ ಅನ್ನಿಸಬಹುದು. ಇದೇ ಸಣ್ಣ ವಿಷಯ ನನ್ನ ಒಂದು ವರ್ಷವನ್ನ ನುಂಗಿತು. ಮೊದಲು ಅದನ್ನ ಹೇಳಿಬಿಡುತ್ತೇನೆ.

ನಾನು ನಮ್ಮ ಅಕ್ಕಲಕೋಟ ತಾಲೂಕಿನ ಕನ್ನಡ ಸಾಲಿಯಲ್ಲಿ ಕಲಿತವನು. ನಮ್ಮ ಮನೆತನದೊಳಗ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಬಿ.ಎ. ಮೊದಲ ವರ್ಷ, ಅರ್ಥಶಾಸ್ತ್ರದ ಒಂದು ಪುಸ್ತಕ ತಂದಿದ್ದೆ. ಹದಿನೈದು ದಿನದೊಳಗ ತಿರುಗಿ ಕೊಡಬೇಕಿತ್ತು. ಅಷ್ಟರಲ್ಲಿ ಕಬ್ಬು ಕಡಿಯೋ ಹಂಗಾಮು ಬಂತು. ಅಪ್ಪನಿಗೆ ಮೈಯಲ್ಲಿ ಆರಾಮ ಇರಲಿಲ್ಲ. ಮುಂಗಡ ತಗೊಂಡಿದ್ದಾಗಿತ್ತು. ಅವ್ವನ ಜೋಡಿ ನಾನು ಗ್ಯಾಂಗಿಗೆ ಹೋದೆ. ಪುಸ್ತಕ ಮನೆಯ ಮಾಡದಾಗ ಉಳಿಯಿತು.

ತಿರುಗಿ ಬಂದಾಗ ಎರಡು ತಿಂಗಳ ದಂಡ ಬಿದ್ದಿತ್ತು. ದಿನಕ್ಕ 50 ಪೈಸೆ. ಲೆಕ್ಕ ಹಾಕಿದರೆ ಮೂವತ್ತು ರೂಪಾಯಿ ಆಸುಪಾಸು. ಕಿಸೆಯಲ್ಲಿ ಇರಲಿಲ್ಲ. ಅದಕ್ಕಿಂತ ದೊಡ್ಡದು, ಕೌಂಟರಿನ ಮುಂದ ನಿಂತು ನಾಲ್ಕು ಜನರ ನಡುವೆ ಬೈಸಿಕೊಳ್ಳುವ ಅಂಜಿಕೆ. "ಇವರಿಗೆ ಪುಸ್ತಕ ಕೊಟ್ಟರೆ ಹಿಂಗ ನೋಡು" ಅಂದರೆ? ಆ ಮಾತು ಯಾರೂ ಅಂದಿರಲಿಲ್ಲ. ಅಂದಾರು ಅಂತ ನಾನೇ ಅಂಜಿದೆ. ನಾಳೆ ಹೋದರಾಯಿತು ಅಂದೆ. ನಾಳೆ ನಾಳೆ ಅಂತ ಡಿಗ್ರಿ ಮುಗಿಯಿತು. ಮೂರು ವರ್ಷ ಆ ಗ್ರಂಥಾಲಯದ ಬಾಗಿಲಿಗೆ ನಾನು ಕಾಲಿಡಲಿಲ್ಲ.

ಕಡೆಗೆ ಬಿ.ಎಡ್. ಪ್ರವೇಶಕ್ಕೆ ದಾಖಲಾ ಬೇಕಾಯಿತು. ದಾಖಲಾ ಬೇಕಂದರೆ ಗ್ರಂಥಾಲಯದ ನೋ ಡ್ಯೂಸ್ ಬೇಕು. ಹೋದೆ. ಸುಮಾರು 900 ದಿನ, 450 ರೂಪಾಯಿ ದಂಡ ಅಂದರು. ಪುಸ್ತಕದ ಬೆಲೆ 85 ರೂಪಾಯಿ. ಅವ್ವ ಊರೆಲ್ಲ ತಿರುಗಿ ದುಡ್ಡು ಹೊಂದಿಸುವುದರೊಳಗೆ ಪ್ರವೇಶದ ಕಡೇ ದಿನ ದಾಟಿತ್ತು. ಆ ವರ್ಷ ಮತ್ತೆ ಕಬ್ಬಿನ ಹೊಲಕ್ಕೆ ಹೋದೆ. ಬಿ.ಎಡ್. ಆಮೇಲೂ ಆಗಲಿಲ್ಲ.

ಮುಂದೆ ಬೇರೊಂದು ಕಾಲೇಜಿನ ಗ್ರಂಥಾಲಯದಲ್ಲಿ ಪರಿಚಾರಕನಾಗಿ ಸೇರಿದೆ. ಈಗ ಹದಿನೆಂಟು ವರ್ಷ. ಕೌಂಟರಿನ ಆಚೆ ಬದಿಗೆ ನಿಂತ ಮೇಲೆ ನನಗೆ ಎರಡು ಸಂಗತಿ ತಿಳಿದವು. ಒಂದು, ಎರಡು ತಿಂಗಳಿಗೇ ಹೋಗಿ ಒಂದು ಅರ್ಜಿ ಬರೆದು ಕೊಟ್ಟಿದ್ದರೆ, ದಂಡ ಕಡಿಮೆ ಮಾಡುವ ಇಲ್ಲವೆ ಬಿಡುವ ಅಧಿಕಾರ ಮೇಲಿನವರಿಗೆ ಇತ್ತು. ಎರಡು, ಪ್ರವೇಶದ ವೇಳೆ ನಾನು ಕಟ್ಟಿದ್ದ 100 ರೂಪಾಯಿ ಗ್ರಂಥಾಲಯ ಠೇವಣಿ ಅವರ ಹತ್ತಿರವೇ ಇತ್ತು. ಮೂವತ್ತು ರೂಪಾಯಿಗೆ ಅಂಜಿ ಅಡಗಿದ ಹುಡುಗನ ನೂರು ರೂಪಾಯಿ ಅದೇ ಆಫೀಸಿನ ಲೆಕ್ಕದೊಳಗಿತ್ತು. ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಬಂಧುಗಳೇ, ಕೇಳದೇ ಇರೋದು ನಮ್ಮ ಹಳೇ ರೋಗ. ಮಹಾಡದ ಚವದಾರ ಕೆರೆಯ ಕಥೆ ನಿಮಗೆಲ್ಲ ಗೊತ್ತು. ಅದರೊಳಗಿನ ಒಂದು ಸಂಗತಿ ನಾವು ಬಹಳ ಸಲ ಮರೆಯುತ್ತೇವೆ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಅನ್ನುವ ಠರಾವನ್ನು ಮುಂಬಯಿ ವಿಧಾನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆಯವರು ಮಂಡಿಸಿ ಪಾಸು ಮಾಡಿಸಿದ್ದು 1923ರಲ್ಲಿ. ಮಹಾಡದ ನಗರಸಭೆ ತನ್ನ ಕೆರೆಯನ್ನು ಮುಕ್ತ ಮಾಡಿ ಠರಾವು ಮಾಡಿದ್ದು 1924ರಲ್ಲಿ. ಕಾಗದದ ಮೇಲೆ ಹಕ್ಕು ಬಂದು ವರ್ಷಗಳಾದರೂ ಕೆರೆಗೆ ಯಾರೂ ಇಳಿದಿರಲಿಲ್ಲ. ಬಾಬಾಸಾಹೇಬರು ಜನರನ್ನು ಕರಕೊಂಡು ನಡೆದು ಹೋಗಿ ನೀರು ಮುಟ್ಟಿದ್ದು 1927ರ ಮಾರ್ಚ್ 20ರಂದು. ಆವತ್ತು ನಮ್ಮವರು ಏಟು ತಿಂದರು ಅನ್ನೋದನ್ನ ನಾನು ಮರೆತಿಲ್ಲ. ಇವತ್ತು ಗ್ರಂಥಾಲಯದ ಬಾಗಿಲಲ್ಲಿ ನಮ್ಮನ್ನು ಹೊಡೆಯುವವರು ಯಾರೂ ಇಲ್ಲ. ಆದರೂ ಕಾರ್ಡು ಕಿಸೆಯೊಳಗ ಇಟ್ಟುಕೊಂಡು ನಾವು ದಂಡೆಯ ಮೇಲೇ ನಿಂತಿದ್ದೇವೆ.

ಪುಸ್ತಕ ಕಡ ತರೋದು ನಾಚಿಕೆಯ ಕೆಲಸ ಅಂತ ಕೆಲವರು ತಿಳಿದಿದ್ದಾರೆ. ಬಾಬಾಸಾಹೇಬರ ತಂದೆ ರಾಮಜಿಯವರು ಮಗನಿಗೆ ಪುಸ್ತಕ ಕೊಡಿಸಲು ದುಡ್ಡಿಲ್ಲದಾಗ ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ ಅವರ ಒಡವೆ ಕೇಳಿ ತಂದು ಒತ್ತೆ ಇಡುತ್ತಿದ್ದರು. ಪಿಂಚಣಿ ಬಂದಾಗ ಬಿಡಿಸಿಕೊಡುತ್ತಿದ್ದರು. ಮುಂಬಯಿಯ ಚರ್ನಿ ರೋಡ್ ಉದ್ಯಾನದಲ್ಲಿ ಓದುತ್ತ ಕೂರುತ್ತಿದ್ದ ಹುಡುಗ ಭೀಮರಾವನನ್ನು ಗುರುತಿಸಿ ಓದಲು ಪುಸ್ತಕ ಕೊಟ್ಟವರು ಕೃಷ್ಣಾಜಿ ಅರ್ಜುನ ಕೇಳುಸ್ಕರ ಅನ್ನುವ ಶಿಕ್ಷಕರು. ಹುಡುಗ ಮೆಟ್ರಿಕ್ ಪಾಸಾದಾಗ ಅವರು ತಾವೇ ಬರೆದ ಬುದ್ಧನ ಚರಿತ್ರೆಯ ಪುಸ್ತಕವನ್ನು ಕೈಗೆ ಕೊಟ್ಟರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಏನಾಯಿತು ಅಂತ ನಾನು ಈ ಸಭೆಗೆ ಹೇಳಬೇಕಾಗಿಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ಪುಸ್ತಕ ಎಲ್ಲಿಗೆ ಮುಟ್ಟುತ್ತದೆ ಅನ್ನೋದು ಕೊಟ್ಟವರಿಗೂ ಗೊತ್ತಿರೋದಿಲ್ಲ. ಲಂಡನ್ನಿನಲ್ಲಿ ಓದುವಾಗಲೂ ಅರೆಹೊಟ್ಟೆಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಗ್ರಂಥಾಲಯದಲ್ಲೇ ಕೂತು ಓದಿದವರು ಅವರು.

ಈಗ ಕೆಲಸದ ಮಾತಿಗೆ ಬರೋಣ. ಒಂದೊಂದು ಕಾಲೇಜಿನ ನಿಯಮ ಒಂದೊಂದು ಥರ ಇರುತ್ತದೆ. ಆದರೆ ಮೂಳೆ ಎಲ್ಲ ಕಡೆಯೂ ಒಂದೇ.

ಪ್ರವೇಶ ಆದ ವಾರದೊಳಗೇ ಫೀ ರಸೀದಿ ಮತ್ತು ಫೋಟೋ ತಗೊಂಡು ಹೋಗಿ ಗ್ರಂಥಾಲಯದ ಕಾರ್ಡು ಮಾಡಿಸಿರಿ. ಸ್ಕಾಲರ್‌ಶಿಪ್ ಇನ್ನೂ ಬಂದಿಲ್ಲ, ಬಂದ ಮೇಲೆ ಮಾಡಿಸಿದರಾಯಿತು ಅಂತ ಕುಂತರೆ ಅರ್ಧ ವರ್ಷ ಹೋಗುತ್ತದೆ. ಕೇಳಿರಿ, ಬಹಳ ಕಡೆ ಅದಕ್ಕೂ ಇದಕ್ಕೂ ಸಂಬಂಧ ಇರೋದಿಲ್ಲ. ಒಂದು ಕಾರ್ಡಿಗೆ ಎಷ್ಟು ಪುಸ್ತಕ, ಎಷ್ಟು ದಿನ, ದಂಡ ಎಷ್ಟು, ಈ ಮೂರನ್ನೂ ಮೊದಲ ದಿನವೇ ಕೇಳಿ ಬರೆದುಕೊಳ್ಳಿರಿ. ನಿಮ್ಮ ಕಾರ್ಡನ್ನು ಗೆಳೆಯರಿಗೆ ಕೊಡಬೇಡಿರಿ. ಪುಸ್ತಕ ಕಳೆದರೆ ಹೆಸರು ನಿಮ್ಮದು.

ಪುಸ್ತಕ ಕೈಗೆ ಬಂದ ಕೂಡಲೇ, ಕೌಂಟರು ಬಿಡೋದಕ್ಕಿಂತ ಮೊದಲು ಹಾಳೆ ತಿರುವಿ ನೋಡಿರಿ. ಹರಿದಿದ್ದರೆ, ಗೀಚಿದ್ದರೆ ಅಲ್ಲೇ ತೋರಿಸಿ ಬರೆಸಿರಿ. ಇಲ್ಲದಿದ್ದರೆ ಯಾರೋ ಹರಿದದ್ದಕ್ಕೆ ನೀವು ತೆರಬೇಕಾಗುತ್ತದೆ. ಇದು ನಮ್ಮ ಹುಡುಗರಿಗೆ ಆಗೋದನ್ನ ನಾನು ಕಣ್ಣಾರೆ ಕಂಡಿದ್ದೇನೆ.

ಕೊನೆಯ ಪುಟದ ಚೀಟಿಯಲ್ಲಿ ತಿರುಗಿ ಕೊಡುವ ತಾರೀಖಿನ ಮುದ್ರೆ ಇರುತ್ತದೆ. ಅವಧಿ ಸಾಲದಿದ್ದರೆ ಆ ತಾರೀಖಿಗಿಂತ ಮೊದಲು ಹೋಗಿ ನವೀಕರಣ ಮಾಡಿಸಿಕೊಳ್ಳಬಹುದು. ಬೇರೆ ಯಾರೂ ಅದನ್ನು ಕಾಯ್ದಿರಿಸದಿದ್ದರೆ ಸಾಮಾನ್ಯವಾಗಿ ಮತ್ತೆ ಕೊಡುತ್ತಾರೆ. ನಿಮಗೆ ಬೇಕಾದ ಪುಸ್ತಕ ಇನ್ನೊಬ್ಬರ ಹತ್ತಿರ ಇದ್ದರೆ ಹೆಸರು ಬರೆಸಿ ಬರ್ರಿ, ಬಂದಾಗ ನಿಮಗೆ ಸಿಗುತ್ತದೆ. ನಿಘಂಟು, ವಿಶ್ವಕೋಶದಂಥವನ್ನು ಮನೆಗೆ ಕೊಡೋದಿಲ್ಲ, ಅಲ್ಲೇ ಕೂತು ನೋಡಬೇಕು.

ದುಡಿಯಲು ಊರು ಬಿಡೋ ಹೊತ್ತು ಬಂದರೆ ಪುಸ್ತಕವನ್ನು ತಮ್ಮನ ಕೈಯಲ್ಲೋ ಗೆಳೆಯನ ಕೈಯಲ್ಲೋ ಕಳಿಸಿಬಿಡಿ. ತಿರುಗಿ ಕೊಡಲು ನೀವೇ ಹೋಗಬೇಕೆಂದಿಲ್ಲ. ಪುಸ್ತಕ ಕಳೆದು ಹೋಯಿತೋ, ಮಳೆಗೆ ಮನೆ ಸೋರಿ ತೊಯ್ದಿತೋ, ಅದೇ ದಿನ ಹೋಗಿ ಹೇಳಿರಿ. ಅದೇ ಪುಸ್ತಕದ ಬೇರೆ ಪ್ರತಿ ತಂದುಕೊಟ್ಟರೆ ಬಹಳ ಕಡೆ ಮುಗಿಯುತ್ತದೆ. ದಂಡ ಏರಿದ್ದರೆ ಕಾರಣ ಬರೆದು ಪ್ರಾಚಾರ್ಯರಿಗೆ ಅರ್ಜಿ ಕೊಡಿರಿ. ಜಡ್ಡಿನ ಚೀಟಿ ಇದ್ದರೆ ಹಚ್ಚಿರಿ. ಅರ್ಜಿ ಅಂದರೆ ಭಿಕ್ಷೆ ಅಲ್ಲ ತಮ್ಮಾ, ಅದು ಲೆಕ್ಕ. ಡಿಗ್ರಿ ಮುಗಿದ ಮೇಲೆ ಠೇವಣಿ ತಿರುಗಿ ಬರುವಂಥದ್ದಾದರೆ ರಸೀದಿ ತೋರಿಸಿ ವಾಪಸು ತಗೊಳ್ಳಿರಿ. ಬಿಟ್ಟು ಬಂದವರು ನಮ್ಮಲ್ಲಿ ಬಹಳ ಮಂದಿ.

ಕೆಲವು ಕಾಲೇಜುಗಳಲ್ಲಿ ಬುಕ್ ಬ್ಯಾಂಕ್ ಇದೆ. ಬಡ ವಿದ್ಯಾರ್ಥಿಗಳಿಗೆ, ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕದ ಗಂಟನ್ನೇ ಸೆಮಿಸ್ಟರ್ ಪೂರ್ತಿ ಇಲ್ಲವೆ ವರ್ಷ ಪೂರ್ತಿ ಕೊಡುತ್ತಾರೆ. ಅರ್ಜಿ ವರ್ಷದ ಆರಂಭದಲ್ಲೇ ಹಾಕಬೇಕು. ನೋಟಿಸ್ ಬೋರ್ಡಿನಲ್ಲಿ ಮರಾಠಿಯಲ್ಲಿ ಬರೆದು ಹಚ್ಚಿರುತ್ತಾರೆ, ನಮ್ಮ ಕನ್ನಡ ಸಾಲಿಯಿಂದ ಬಂದ ಮಕ್ಕಳು ಅದರ ಮುಂದಿನಿಂದಲೇ ಹಾಯ್ದು ಹೋಗುತ್ತಾರೆ.

ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ಸ್ಪರ್ಧಾ ಪರೀಕ್ಷೆಯ ಪುಸ್ತಕಗಳು, ದಿನಪತ್ರಿಕೆ, ಇವಕ್ಕೆ ಕಾರ್ಡಿನ ಲೆಕ್ಕವೂ ಇಲ್ಲ. ಕಾಲೇಜು ಎನ್-ಲಿಸ್ಟ್ ಯೋಜನೆಗೆ ಸೇರಿದ್ದರೆ ಗ್ರಂಥಪಾಲರು ನಿಮಗೆ ಒಂದು ಐಡಿ, ಪಾಸ್‌ವರ್ಡು ಮಾಡಿ ಕೊಡುತ್ತಾರೆ. ಮನೆಯಲ್ಲಿ ಕೂತು ಮೊಬೈಲಿನಲ್ಲೇ ಲಕ್ಷಾಂತರ ಇಂಗ್ಲಿಷ್ ಪುಸ್ತಕ ನೋಡಬಹುದು. ಖರಗಪುರದ ಐ.ಐ.ಟಿ. ನಡೆಸುವ ನ್ಯಾಷನಲ್ ಡಿಜಿಟಲ್ ಲೈಬ್ರರಿಗೆ ಯಾರು ಬೇಕಾದರೂ ಪುಕ್ಕಟೆ ಹೆಸರು ನೋಂದಿಸಬಹುದು. ಮೊಬೈಲು ಎಲ್ಲರ ಕೈಯಲ್ಲೂ ಇದೆ. ರೀಲ್ಸ್ ನೋಡೋದರೊಳಗ ಒಂದು ತಾಸು ಇದಕ್ಕೂ ಕೊಡ್ರಿ.

ಇನ್ನು ವಾಚನಾಲಯ. ಒಂದೇ ಖೋಲಿ, ಒಂದೇ ಬಲ್ಬು, ಆರು ಜನ ಇರುವ ಮನೆಯಲ್ಲಿ ಓದೋದು ಹೆಂಗ ಅಂತ ನಮಗೆ ಗೊತ್ತು. ಅದರಲ್ಲೂ ಹೆಣ್ಣುಮಕ್ಕಳು ಪುಸ್ತಕ ಹಿಡಿದರೆ ಸಾಕು, "ಏ ನೀರು ತಗೊಂಡು ಬಾ" ಅನ್ನೋ ಕೂಗು ಬರುತ್ತದೆ. ವಾಚನಾಲಯದಲ್ಲಿ ಗಾಳಿ ಇದೆ, ಬೆಳಕಿದೆ, ಯಾರೂ ಕೆಲಸ ಹೇಳೋದಿಲ್ಲ. ತಾಯಂದಿರೇ, ಮಗಳು ಕ್ಲಾಸು ಮುಗಿದ ಮೇಲೆ ಸಂಜೆಯ ಎಸ್.ಟಿ. ಬಸ್ಸಿಗೆ ಬರುತ್ತೇನೆ ಅಂದರೆ ಬೈಯಬೇಡಿರಿ. ಆ ಎರಡು ತಾಸು ಅವಳ ಜೀವನದ ಆಸ್ತಿ.

ಆಧುನಿಕ ಗ್ರಂಥಾಲಯ ಶಾಸ್ತ್ರವನ್ನು ನಮ್ಮ ದೇಶದಲ್ಲಿ ಕಟ್ಟಿದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರ ಬರೆದಿಟ್ಟರು. ಪುಸ್ತಕ ಇರೋದು ಬಳಸಲಿಕ್ಕೆ, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಇವು ಅದರಲ್ಲಿನ ಮೊದಲ ಮೂರು. ಮೂರನೆಯದರ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಕೆಲಸ ಮಾಡುವಲ್ಲಿ ಕನ್ನಡ ಪುಸ್ತಕಗಳ ಒಂದು ಕಪಾಟು ಇದೆ. ಆ ಪುಸ್ತಕಗಳ ಕೊನೆಯ ಪುಟದ ಚೀಟಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಎಷ್ಟೋ ಚೀಟಿಗಳ ಮೇಲೆ ಒಂದು ಮುದ್ರೆಯೂ ಇಲ್ಲ. ಧೂಳು ಒರೆಸುವವನು ನಾನೊಬ್ಬನೇ. ಜಾಗ ಸಾಲದಾದಾಗ ಯಾರೂ ಒಯ್ಯದ ಪುಸ್ತಕಗಳನ್ನೇ ಮೊದಲು ತೆಗೆದುಹಾಕುತ್ತಾರೆ. ಹೊಸ ಪುಸ್ತಕ ಕೊಳ್ಳುವಾಗ ಬೇಡಿಕೆ ಬಂದದ್ದನ್ನು ನೋಡುತ್ತಾರೆ. ಗಡಿಯೊಳಗ ಕನ್ನಡಕ್ಕೆ ಅನ್ಯಾಯ ಆಗುತ್ತಿದೆ ಅಂತ ವೇದಿಕೆ ಮೇಲೆ ಕೂಗುವುದು ಸರಿ. ಆದರೆ ಕನ್ನಡ ಪುಸ್ತಕ ಒಂದನ್ನು ನಮ್ಮ ಕಾರ್ಡಿನ ಮೇಲೆ ಬರೆಸಿ ಒಯ್ಯುವುದು ಅದಕ್ಕಿಂತ ಗಟ್ಟಿ ಅರ್ಜಿ. ಬಾಬಾಸಾಹೇಬರ ಬರಹ ಮತ್ತು ಭಾಷಣಗಳ ಸಂಪುಟಗಳನ್ನು ಮಹಾರಾಷ್ಟ್ರ ಸರಕಾರ 1979ರಿಂದ ಇಂಗ್ಲಿಷಿನಲ್ಲಿ ತಂದಿದೆ. ಅವು ಕನ್ನಡದಲ್ಲೂ ಬಂದಿವೆ. ನಿಮ್ಮ ಕಾಲೇಜಿನಲ್ಲಿ ಇವೆಯೇ? ಇಲ್ಲದಿದ್ದರೆ ಬೇಡಿಕೆ ವಹಿಯಲ್ಲಿ ಬರೆಯಿರಿ. ಒಬ್ಬರಲ್ಲ, ಇಪ್ಪತ್ತು ಜನ ಬರೆಯಿರಿ.

ಕಡೆಯದಾಗಿ ಸಂಘಕ್ಕೆ ನನ್ನ ಮೂರು ವಿನಂತಿ.

ಒಂದು, ಪ್ರತಿ ವರ್ಷ ಪ್ರವೇಶ ಆದ ಮೇಲೆ ನಮ್ಮ ವಸ್ತಿಯ ಹೊಸ ಮಕ್ಕಳನ್ನು ಹಿರಿಯ ವಿದ್ಯಾರ್ಥಿ ಒಬ್ಬ ಕರಕೊಂಡು ಹೋಗಿ ಕೌಂಟರು ತೋರಿಸಲಿ. ಮೊದಲ ಸಲ ಜೋಡಿ ಒಬ್ಬರಿದ್ದರೆ ಸಾಕು, ಎರಡನೇ ಸಲ ತಾವೇ ಹೋಗುತ್ತಾರೆ.

ಎರಡು, ಜಯಂತಿಯ ವರ್ಗಣಿಯೊಳಗ ಸ್ವಲ್ಪ ದುಡ್ಡು ದಂಡಕ್ಕಂತ ತೆಗೆದಿಡಿರಿ. ಡಿ.ಜೆ. ಒಂದು ತಾಸು ಕಡಿಮೆ ಆದರೂ ನಡೆದೀತು. ಮೂವತ್ತು ನಲವತ್ತು ರೂಪಾಯಿಗೆ ಅಂಜಿ ಒಂದು ಮಗುವೂ ಓದು ಬಿಡಬಾರದು. ಕೊಟ್ಟದ್ದನ್ನು ಕೈಗೂಡಿದಾಗ ಅವರು ತಿರುಗಿ ಕೊಡಲಿ.

ಮೂರು, ಕಬ್ಬಿನ ಹಂಗಾಮಿಗೆ ಮೊದಲು ಮನೆ ಮನೆಗೆ ಹೋಗಿ, "ಲೈಬ್ರರಿ ಪುಸ್ತಕ ಏನಾದರೂ ಐತೇನ್ರಿ?" ಅಂತ ಕೇಳಿ, ಒಟ್ಟು ಮಾಡಿ, ಕಾಲೇಜಿಗೆ ಮುಟ್ಟಿಸಿರಿ. ಒಂದು ಚೀಲ, ಒಂದು ಸೈಕಲ್ ಮೋಟರು, ಅರ್ಧ ದಿನದ ಕೆಲಸ. ಅವತ್ತು ನಮ್ಮ ಮನೆ ಬಾಗಿಲಿಗೆ ಇಂಥ ಒಂದು ಚೀಲ ಬಂದಿದ್ದರೆ ಇವತ್ತು ನಾನು ನಿಮ್ಮ ಮುಂದ ಮಾಸ್ತರನಾಗಿ ನಿಂತಿರುತ್ತಿದ್ದೆನೋ ಏನೋ.

ಇರಲಿ, ನನಗೆ ಬೇಜಾರಿಲ್ಲ. ಹೋದ ವರ್ಷ ಒಬ್ಬ ಹುಡುಗಿ ಕೌಂಟರಿಗೆ ಬಂದು ತಲೆ ತಗ್ಗಿಸಿ ನಿಂತಳು. ಕೈಯಲ್ಲಿ ಪುಸ್ತಕ, ತಾರೀಖು ದಾಟಿ ನಲವತ್ತು ದಿನ. "ಕಾಕಾ, ಅವ್ವಗ ಆಪರೇಷನ್ ಆಗಿತ್ರಿ" ಅಂದಳು. ಒಂದು ಹಾಳೆ, ಒಂದು ಪೆನ್ನು ಕೊಟ್ಟೆ. "ಕೂಡವ್ವಾ, ನಾ ಹೇಳತೀನಿ, ನೀ ಬರಿ" ಅಂದೆ. ದಂಡ ಮಾಫಾಯಿತು. ಅವಳು ಅವತ್ತೇ ಇನ್ನೊಂದು ಪುಸ್ತಕ ಒಯ್ದಳು.

ನೀವೂ ಬರ್ರಿ. ಅಂಜಬೇಡಿರಿ. ಕೌಂಟರಿನ ಆ ಬದಿಗೆ ನಿಮ್ಮವನೊಬ್ಬ ಇರಲಿ, ಇರದೇ ಹೋಗಲಿ, ಕಾರ್ಡಿನ ಮೇಲಿನ ಹೆಸರು ಮಾತ್ರ ನಿಮ್ಮದೇ.

ಜೈ ಭೀಮ್.