ಪದವಿಯ ಆಚೆಗಿನ ಓದು



ರೇಡಿಯಂ ಎಂದರೇನು ಎಂದು ಜನಸಾಮಾನ್ಯರಿಗೆ ತಿಳಿಸಲು ಫ್ರೆಡರಿಕ್ ಸಾಡಿ ಎಂಬ ರಸಾಯನವಿಜ್ಞಾನಿ 1909ರಲ್ಲಿ ಒಂದು ಪುಸ್ತಕ ಬರೆದ. ಅದು ಎಚ್.ಜಿ. ವೆಲ್ಸ್‌ನ ಕೈಗೆ ಬಿತ್ತು. ಆತ ಕಾದಂಬರಿಕಾರ, ಸುಮ್ಮನಿರುತ್ತಾನೆಯೇ? 1914ರಲ್ಲಿ ‘ದಿ ವರ್ಲ್ಡ್ ಸೆಟ್ ಫ್ರೀ’ ಪ್ರಕಟವಾಯಿತು. ‘ಪರಮಾಣು ಬಾಂಬ್’ ಎಂಬ ಹೆಸರೂ ಅದರಿಂದ ಉರಿದುಹೋದ ನಗರಗಳೂ ಆ ಕಾದಂಬರಿಯಲ್ಲಿವೆ. ಪರಮಾಣುವಿನ ಶಕ್ತಿ ಮನುಷ್ಯನ ಕೈಗೆ ಸಿಗುವ ವರ್ಷವನ್ನೂ ವೆಲ್ಸ್ ಬರೆದಿದ್ದ: 1933.

ಆ ವರ್ಷ ನಿಜವಾಗಿಯೂ ಬಂದಾಗ ಲಿಯೋ ಸಿಲಾರ್ಡ್ ಎಂಬ ಹಂಗೆರಿಯ ಭೌತವಿಜ್ಞಾನಿ ಹಿಟ್ಲರನ ಜರ್ಮನಿ ಬಿಟ್ಟು ಲಂಡನ್ ಸೇರಿದ್ದ. ಹಿಂದಿನ ವರ್ಷವಷ್ಟೇ ವೆಲ್ಸ್‌ನ ಕಾದಂಬರಿ ಓದಿದ್ದ. ಪರಮಾಣುವಿನಿಂದ ಶಕ್ತಿ ಪಡೆಯುವ ಮಾತೆಲ್ಲ ಬರೀ ಬೊಗಳೆ ಎಂದು ಹೆಸರಾಂತ ಭೌತವಿಜ್ಞಾನಿ ರುದರ್‌ಫರ್ಡ್ ಹೇಳಿದ್ದು ಸೆಪ್ಟೆಂಬರ್‌ನಲ್ಲಿ ‘ಟೈಮ್ಸ್’ ಪತ್ರಿಕೆಯಲ್ಲಿ ಬಂತು. ಅಷ್ಟು ದೊಡ್ಡವರು ‘ಆಗದು’ ಎಂದದ್ದೇ ಸಿಲಾರ್ಡನನ್ನು ಕೆಣಕಿತು. ಒಂದು ನ್ಯೂಟ್ರಾನ್ ಬಡಿದಾಗ ಎರಡನ್ನು ಹೊರಬಿಡುವ ಧಾತು ಸಿಕ್ಕರೆ? ಸರಪಣಿ ಕ್ರಿಯೆಯ ಈ ಆಲೋಚನೆಗೆ 1934ರಲ್ಲಿ ಪೇಟೆಂಟ್ ಅರ್ಜಿ ಹಾಕಿದ. ಆಮೇಲೆ ಅದು ಬಯಲಾಗದಿರಲೆಂದು ಬ್ರಿಟಿಷ್ ನೌಕಾ ಇಲಾಖೆಗೆ ಒಪ್ಪಿಸಿದ. ವೆಲ್ಸ್‌ನನ್ನು ಓದಿದ್ದರಿಂದ ಇದರ ಪರಿಣಾಮ ಏನೆಂದು ಗೊತ್ತಿತ್ತು ಎಂಬುದು ಆತನೇ ಕೊಟ್ಟ ಕಾರಣ.

ಲೆಕ್ಕ ಭೌತವಿಜ್ಞಾನದ್ದು. ಆ ಲೆಕ್ಕ ಒಂದು ಊರಿನ ಮೇಲೆ ಬಿದ್ದರೆ ಹೇಗಿರುತ್ತದೆ ಎಂಬ ಅರಿವು ಕಾದಂಬರಿಯದ್ದು. ಹಾಗೆಂದು ಕಾದಂಬರಿ ಓದಿದವರೆಲ್ಲ ಋಷಿಗಳಾಗುತ್ತಾರೆ ಎಂದುಕೊಳ್ಳಬೇಡಿ. ಅಮೆರಿಕದ ಬಾಂಬ್ ಯೋಜನೆಗೆ ನಾಂದಿಯಾದ, 1939ರಲ್ಲಿ ಐನ್‌ಸ್ಟೈನ್ ಸಹಿ ಹಾಕಿದ ಪತ್ರವನ್ನು ಸಿದ್ಧಪಡಿಸಿದ್ದೂ ಇದೇ ಸಿಲಾರ್ಡ್. 1945ರಲ್ಲಿ, ಜಪಾನಿನ ಮೇಲೆ ಆ ಬಾಂಬನ್ನು ಹಾಕಬಾರದೆಂದು ವಿಜ್ಞಾನಿಗಳ ಸಹಿ ಸಂಗ್ರಹಿಸಿದ್ದೂ ಅವನೇ.

ಇನ್ನು ನಮ್ಮ ಭೌತವಿಜ್ಞಾನಿ ಸರ್ ಸಿ.ವಿ. ರಾಮನ್ ತಮ್ಮನ್ನು ರೂಪಿಸಿದ ಪುಸ್ತಕಗಳೆಂದು ಮೂರನ್ನು ಹೆಸರಿಸಿದ್ದರು: ಯೂಕ್ಲಿಡನ ರೇಖಾಗಣಿತ, ನಾದದ ಬಗ್ಗೆ ಹೆಲ್ಮ್‌ಹೋಲ್ಟ್ಸ್ ಬರೆದ ಗ್ರಂಥ, ಬುದ್ಧನ ಬದುಕನ್ನು ಹೇಳುವ ಎಡ್ವಿನ್ ಆರ್ನಾಲ್ಡನ ಕಾವ್ಯ. ಮೃದಂಗ, ತಬಲಾಗಳ ಮೇಲೆ ರಾಮನ್ ನಡೆಸಿದ ಸಂಶೋಧನೆಯನ್ನು ಹೆಲ್ಮ್‌ಹೋಲ್ಟ್ಸನ ಓದಿನ ಜೊತೆ ಸುಲಭವಾಗಿ ಹೊಂದಿಸಿ ನೋಡಬಹುದು. ಕಾವ್ಯವನ್ನು ಹಾಗೆ ಯಾವ ಪ್ರಬಂಧಕ್ಕೂ ಹೊಂದಿಸಲು ಬರುವುದಿಲ್ಲ. ಆದರೂ ಪಟ್ಟಿಯಿಂದ ಅದನ್ನು ಅವರು ಬಿಡಲಿಲ್ಲ.

ಡಾರ್ವಿನ್ನನ ಕತೆ ಬೇರೆ. ಬೀಗಲ್ ಹಡಗಿನ ಪ್ರಯಾಣದಲ್ಲಿ ಮಿಲ್ಟನ್ನನ ಕಾವ್ಯವನ್ನು ಜೊತೆಗಿಟ್ಟುಕೊಂಡು ಓಡಾಡಿದವನು. ಜನಸಂಖ್ಯೆ ಕುರಿತ ಮಾಲ್ಥಸನ ಪ್ರಬಂಧವನ್ನು 1838ರಲ್ಲಿ ಹೊತ್ತು ಕಳೆಯಲೆಂದು ಓದಿದ. ನಿಸರ್ಗದ ಆಯ್ಕೆಯ ಸೂತ್ರ ಅಲ್ಲಿ ಸಿಕ್ಕಿತು. ಮುಪ್ಪಿನಲ್ಲಿ ಮಾತ್ರ ಶೇಕ್ಸ್‌ಪಿಯರ್ ಓದಲಾಗದಷ್ಟು ರುಚಿ ಕೆಟ್ಟಿತ್ತು. ಮತ್ತೆ ಬದುಕುವಂತಿದ್ದರೆ ವಾರಕ್ಕೊಮ್ಮೆಯಾದರೂ ಕಾವ್ಯ ಓದುತ್ತಿದ್ದೆ, ಸಂಗೀತ ಕೇಳುತ್ತಿದ್ದೆ ಎಂದು ಆತ್ಮಕಥೆಯಲ್ಲಿ ಹಳಹಳಿಸಿದ್ದಾನೆ. ಕಾದಂಬರಿಗಳನ್ನೇನೋ ಕೊನೆಯವರೆಗೂ ಓದಿಸಿ ಕೇಳಿದ. ದುಃಖಾಂತ್ಯದ ಕಾದಂಬರಿಗಳ ವಿರುದ್ಧ ಕಾನೂನೇ ಬರಬೇಕು ಎಂಬುದು ಅವನ ಅಭಿಪ್ರಾಯ! ಜೀವವಿಜ್ಞಾನದಲ್ಲಿ ಅಷ್ಟು ನಿಷ್ಠುರನಾಗಿದ್ದವನಿಗೆ ಇಷ್ಟು ರಿಯಾಯಿತಿ ಕೊಡಬಹುದು.

ವಿಜ್ಞಾನಕ್ಕೂ ಸಾಹಿತ್ಯಕ್ಕೂ ನಡುವಿನ ಗೋಡೆ ಕನ್ನಡದಲ್ಲಿ ಎಂದೂ ಗಟ್ಟಿಯಾಗಿರಲಿಲ್ಲ. ಬಿ.ಜಿ.ಎಲ್. ಸ್ವಾಮಿ ಸಸ್ಯವಿಜ್ಞಾನದ ಪ್ರಾಧ್ಯಾಪಕರು. ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿ ಬರೆದ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪೂರ್ಣಚಂದ್ರ ತೇಜಸ್ವಿ ಓದಿದ್ದು ಕನ್ನಡ ಎಂ.ಎ.; 1980ರ ‘ಕರ್ವಾಲೊ’ದಲ್ಲಿ ಒಬ್ಬ ವಿಜ್ಞಾನಿಯನ್ನೂ ಜೇನು ಹಿಡಿಯುವ ಮಂದಣ್ಣನನ್ನೂ ಹಾರುವ ಓತಿಯ ಬೆನ್ನಟ್ಟಿಸಿದರು. ಸಂಶೋಧನೆಗೆ ಬೇಕಾದ ಕಣ್ಣು ಪದವಿಪತ್ರವಿಲ್ಲದ ಮಂದಣ್ಣನಿಗೂ ಇರಬಹುದೆಂದು ಆ ಕಾದಂಬರಿಯಷ್ಟು ಚೆನ್ನಾಗಿ ಯಾವ ಸಂಶೋಧನಾ ವಿಧಾನದ ಪಠ್ಯವೂ ಹೇಳಿಲ್ಲ.

ಇನ್ನು ಮುಂದೆ ನಿಮಗೆ ಪಠ್ಯಪಟ್ಟಿ ಕೊಡುವವರಿಲ್ಲ, ಪರೀಕ್ಷೆಯ ಹೆದರಿಕೆಯೂ ಇಲ್ಲ. ವಿಜ್ಞಾನದ ಪದವೀಧರರು ‘ಕರ್ವಾಲೊ’ದಿಂದ ಶುರುಮಾಡಿ, ಸಾಹಿತ್ಯ ಓದಿದವರು ‘ಹಸುರು ಹೊನ್ನು’ವಿನಿಂದ. ಮೊದಲ ಸಂಬಳ ಬಂದಾಗ ಎರಡನ್ನೂ ಕೊಂಡುಕೊಳ್ಳಿ.